ಎಣಿಕೆ ಸರಿಯಿದೆ

ಸಂಘದ ಸುದ್ದಿಪತ್ರ ಬಂತು. ನಾಲ್ಕೇ ಪುಟ,
ಪಿನ್ನು ವಾರೆ ಹೊಡೆದದ್ದು.
ಮೊದಲ ಪುಟದಲ್ಲಿ ದಪ್ಪಕ್ಷರ: ಕಾಯ್ದೆ ಜಾರಿ.
ಇನ್ನು ನಮಗೂ ಒಂದು ಪಟ್ಟಿ, ಒಂದು ಸಂಖ್ಯೆ,
ಹೆಸರಿನ ಕೆಳಗೆ ಹುದ್ದೆಯ ಪೂರ್ತಿ ಹೆಸರು.
ಓದಿದ್ದು ವಿರಾಜಪೇಟೆ ಆಸ್ಪತ್ರೆಯ
ಆಟೋಕ್ಲೇವಿನ ಪಕ್ಕ, ಸ್ಟೂಲಿನ ಮೇಲೆ,
ಮುಳ್ಳು ಹದಿನೈದಕ್ಕೆ ಏರುವ ತನಕ.

ಜುಬೈದಾ ಕೇಳಿದಳು, ಸಂಬಳ ಏರುತ್ತದಾ ಅಕ್ಕಾ?
ಅದು ಎರಡನೇ ಪುಟ.
‘ಪರಿಶೀಲನೆಯಲ್ಲಿದೆ’ ಎಂದು ಬರೆದಿತ್ತು.
ನಕ್ಕೆವು. ಆ ಪದ ನಮಗೆ ಹಳೆಯ ನೆಂಟ,
ಬಂದಾಗಲೆಲ್ಲ ಬರಿಗೈ.

ಇಪ್ಪತ್ತೊಂದು ವರ್ಷ
ಕೆಲವರಿಗೆ ನಾನು ಸಿಸ್ಟರ್, ಕೆಲವರಿಗೆ ಆಯಾ.
ಮದುವೆಮನೆಯಲ್ಲಿ ಸೋಮವಾರಪೇಟೆಯ ಅತ್ತೆ
ನನ್ನನ್ನು ಪರಿಚಯಿಸುವುದು ಹೀಗೆ:
ಇವಳು ದೇಚಮ್ಮ, ಆಸ್ಪತ್ರೆಯಲ್ಲಿ ಏನೋ ಇದ್ದಾಳೆ.
ಆ ಏನೋ ಏನು ಎಂದು ಹೇಳಲಿ?
ಕೈ ಚಾಚುವ ಮೊದಲೇ ಕೈಗೆ ಬೇಕಾದ್ದು ಇಡುತ್ತೇನೆ.
ಹಿಡಿ ಅಂಗೈಗೆ ತಾಗುವ ಸದ್ದಿನಲ್ಲೇ
ತಿಳಿಯಬೇಕು ಡಾಕ್ಟರಿಗೆ, ಇದೇ ಆ ಕತ್ತರಿ ಎಂದು.
ಮತ್ತೆ, ಎಣಿಸುತ್ತೇನೆ.

ಮೊನ್ನೆಯ ಮಾರ್ಚಿನಲ್ಲಿ, ಕರಿಮೆಣಸು ಕೊಯ್ಯುವ ಕಾಲ,
ಸಿದ್ದಾಪುರದ ಕಡೆಯಿಂದ ಜೀಪಿನಲ್ಲಿ ಒಬ್ಬನನ್ನು ತಂದರು.
ಒಂಟಿ ಬಿದಿರಿನ ಏಣಿ ಜಾರಿತ್ತು.
ಉಗುರಿನ ಸಂದಿಯಲ್ಲಿ ಇನ್ನೂ ಹಸಿ ಮೆಣಸಿನ ವಾಸನೆ,
ಹೊಟ್ಟೆಯೊಳಗೆ ರಕ್ತ.
ಎರಡು ಗಂಟೆ. ನಡುವೆ ಕರೆಂಟು ಹೋಗಿ
ಜನರೇಟರು ಕೆಮ್ಮಿ ಎದ್ದಿತು.
ಹೊಲಿಗೆಯ ಸೂಜಿ ಕೇಳಿದರು.
ನಾನು ಕೊಡಲಿಲ್ಲ.
ಗಾಜು ಕೊಟ್ಟದ್ದು ಇಪ್ಪತ್ತು ಸಾರ್, ಬಂದದ್ದು ಹತ್ತೊಂಬತ್ತು.
ಮತ್ತೆ ಎಣಿಸಿ, ಎಂದರು.
ಹತ್ತೊಂಬತ್ತು.
ತಡವಾಗುತ್ತಿದೆ, ಎಂದರು.
ಹತ್ತೊಂಬತ್ತು ಸಾರ್, ಮುಚ್ಚಬೇಡಿ.
ಆ ಮಾತು ನನ್ನದಲ್ಲ, ಕುಂಞಿರಾಮಣ್ಣನದು,
ನನ್ನ ಬಾಯಿಂದ ಬಂತು ಅಷ್ಟೆ.
ಹೊಟ್ಟೆಯಲ್ಲಿ ಹುಡುಕಿದರು, ಬಕೆಟ್ಟಿನಲ್ಲಿ ಜುಬೈದಾ.
ಕೊನೆಗೆ ಸಿಕ್ಕಿದ್ದು
ಡಾಕ್ಟರ ಚಪ್ಪಲಿಯ ಅಡಿಗೆ ಅಂಟಿಕೊಂಡು.
ಯಾರೂ ನಗಲಿಲ್ಲ. ಯಾರೂ ಏನೂ ಹೇಳಲಿಲ್ಲ.
ಸೂಜಿ ಕೊಟ್ಟೆ.

ಮರುದಿನ ದಾಖಲೆಯ ಪುಸ್ತಕದಲ್ಲಿ
ಶಸ್ತ್ರಚಿಕಿತ್ಸಕರ ಹೆಸರು, ಅರಿವಳಿಕೆಯವರ ಹೆಸರು,
ಕೊನೆಯ ಕಾಲಮ್ಮಿನಲ್ಲಿ: ಇತರರು, ಇಬ್ಬರು.
ಹತ್ತೊಂಬತ್ತು ಎಂದವಳು ಅಲ್ಲೆಲ್ಲೋ ಇದ್ದಳು.

ಭಾನುವಾರ ಗಡಿಯಾರ ಕಂಬದ ಹತ್ತಿರದ ಹಾಲಿನಲ್ಲಿ ಸಭೆ.
ಕಾರ್ಯದರ್ಶಿ ಮಂದಣ್ಣ ಕಾಯ್ದೆಯ ಕಲಂ ಓದುವಾಗ
ಸ್ವರ ಒಂದೆರಡು ಕಡೆ ಕಟ್ಟಿತು.
ಬೆಂಗಳೂರಿಗೆ ಹದಿನಾಲ್ಕು ಸಲ ಹೋಗಿದ್ದಾರೆ,
ರಾತ್ರಿ ಬಸ್ಸು, ಸ್ವಂತ ದುಡ್ಡು,
ಕಾಯುವ ಬೆಂಚುಗಳ ಉದ್ದ ಅಳೆದು ಬಂದವರು.
ಚಪ್ಪಾಳೆ ಹೊಡೆದೆವು.
ಅರ್ಜಿ ಹಂಚಿದರು. ಮನೆತನದ ಹೆಸರು ಮೊದಲೋ, ನನ್ನದು ಮೊದಲೋ
ಎಂದು ಪೆನ್ನು ಕಚ್ಚುತ್ತ ಕೂತೆ.

ಕುಂಞಿರಾಮಣ್ಣ ಕೊನೆಯ ಸಾಲಿನಲ್ಲಿ,
ಇಸ್ತ್ರಿಯ ಬಿಳಿ ಅಂಗಿ.
ನೆಲ ಒರೆಸಲು ಸೇರಿ, ನೋಡಿ ನೋಡಿ ಕಲಿತು,
ಓದಿ ಬಂದ ನಮಗೆಲ್ಲ ಕಲಿಸಿ ನಿವೃತ್ತರಾದವರು.
ಎಂಟನೇ ಕ್ಲಾಸು. ‘ವಿದ್ಯಾರ್ಹತೆ’ ಎಂಬಲ್ಲಿ
ಅವರ ಬೆರಳು ನಿಂತದ್ದನ್ನು ಕಂಡೆ.
ನನ್ನನ್ನು ಯಾವುದರಲ್ಲಿ ಬರೆಯುತ್ತೀರಿ ಮಂದಣ್ಣ?
ಮಂದಣ್ಣ ಹಾಳೆ ತಿರುವಿದರು, ಹಿಂದಕ್ಕೆ ತಿರುವಿದರು.
ಗೌರವ ಸದಸ್ಯರು ಅಂತ ಬರೆಯೋಣ.
ಆಗಲಿ, ಎಂದರು. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ
ಜೇಬಿಗೆ ಹಾಕಿಕೊಂಡರು.

ಬೆಲ್ಲದ ಕಾಫಿ ಕುಡಿದು ಎಲ್ಲರೂ ಎದ್ದರು.
ಹಾಲಿನ ಕಾವಲುಗಾರ ಬೀಗ ಹಿಡಿದು ನಿಂತಿದ್ದ.
ಟ್ರೇಯ ಮುಂದೆ ಬಗ್ಗಿ ಅವರೊಬ್ಬರೇ
ಲೋಟ ಎಣಿಸುತ್ತಿದ್ದರು, ತುಟಿ ಅಲ್ಲಾಡಿಸುತ್ತ,
ಐದೈದರ ಸಾಲು ಮಾಡಿ, ನನಗೆ ಕಲಿಸಿದ ಹಾಗೆಯೇ.
ನಲವತ್ತೆರಡು ಜನ, ಎಂದರು.
ನಲವತ್ತೊಂದು ಲೋಟ.
ಸ್ವಲ್ಪ ತಡಿ,
ಮುಚ್ಚಬೇಡ.